ನಾಲ್ಕು ಕಿಲೋಮೀಟರ್ ಹಿಂದೆ ನಿಂತ ಗಾಡಿ

   ಎಲ್ಲರೂ ಕೂತ್ಕೊಳ್ಳಿ. ಬಾಗಿಲ ಹತ್ತಿರ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ಈಗ ನಮ್ಮ ತಂಗಿ ಲೂಕನ ಸುವಾರ್ತೆ 10ನೇ ಅಧ್ಯಾಯದಿಂದ ಓದಿದ ಸಾಮ್ಯ ನಮಗೆಲ್ಲ ಗೊತ್ತಿರುವುದೇ. ಸಂಡೇ ಸ್ಕೂಲ್ ಮಕ್ಕಳಿಗೂ ಬಾಯಿಪಾಠ. ಯೆರಿಕೋವಿಗೆ ಇಳಿದು ಹೋಗೋ ದಾರಿ. ಹೊಡೆತ ತಿಂದು ಬಿದ್ದಿರೋ ಒಬ್ಬ ಮನುಷ್ಯ. ನೋಡಿಯೂ ನಿಲ್ಲದೆ ಹೋದ ಯಾಜಕ, ನೋಡಿಯೂ ನಿಲ್ಲದೆ ಹೋದ ಲೇವಿಯ, ಆಮೇಲೆ ಬಂದ ಸಮಾರ್ಯದವನು. ಈ ಭಾಗದ ಮೇಲೆ ನಾನು ಎಷ್ಟು ಸಲ ಪ್ರಸಂಗ ಮಾಡಿದ್ದೀನೋ ಲೆಕ್ಕ ಇಲ್ಲ. ಪ್ರತಿ ಸಲವೂ ಸಮಾರ್ಯದವನ ಪಕ್ಕ ನಿಂತ್ಕೊಂಡು ಯಾಜಕನನ್ನ ಬೈದಿದ್ದೀನಿ. ಇವತ್ತು ಬೈಯೋಕೆ ನನಗೆ ಬಾಯಿಲ್ಲ. ಯಾಕೆ ಅಂತ ಮೊದಲು ಹೇಳ್ತೀನಿ. ಆಮೇಲೆ ಒಬ್ಬ ವೈದ್ಯರ ಜೀವನ ಹೇಳ್ತೀನಿ. ಗಮನ ಇಟ್ಟು ಕೇಳಿ.

ಮೂರು ವಾರದ ಹಿಂದೆ, ಗುರುವಾರ ಸಂಜೆ, ಒಂದು ಮನೆ ಪ್ರಾರ್ಥನೆಗೆ ಹೊರಟಿದ್ದೆ. ಮಳೆ ಜೋರಾಗಿತ್ತು. ಆಗಲೇ ತಡ ಆಗಿತ್ತು. ಊರ ಹೊರಗಿನ ತಿರುವಿನಲ್ಲಿ ಒಂದು ಬೈಕ್ ಬಿದ್ದಿತ್ತು, ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ಬಿದ್ದಿದ್ದ. ಇಬ್ಬರೋ ಮೂವರೋ ಕೊಡೆ ಹಿಡ್ಕೊಂಡು ದೂರದಲ್ಲಿ ನಿಂತಿದ್ದರು. ನಾನು ಗಾಡಿ ನಿಧಾನ ಮಾಡಿದೆ. ರಕ್ತ ಕಂಡಿತು. ಯಾರಾದ್ರೂ 108ಕ್ಕೆ ಫೋನ್ ಮಾಡಿರ್ತಾರೆ ಅಂದ್ಕೊಂಡೆ. ಪೊಲೀಸ್, ಕೇಸು ಅಂತ ಸಿಕ್ಕಿಹಾಕಿಕೊಂಡ್ರೆ ಗತಿ ಏನು ಅಂದ್ಕೊಂಡೆ. ಅಲ್ಲಿ ಮನೆ ತುಂಬ ಜನ ಕಾಯ್ತಿದ್ದಾರೆ ಅಂದ್ಕೊಂಡೆ. ಗಾಡಿ ಮುಂದಕ್ಕೆ ಬಿಟ್ಟೆ. ಹೋಗಿ ಹಾಡಿದೆ, ವಾಕ್ಯ ಹೇಳಿದೆ, ಕಾಫಿ ಕುಡಿದು ಬಂದೆ.

ಮಾರನೇ ದಿನ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ನನ್ನ ಕೈಗೆ ಒಂದು ಚೀಟಿ ಬಂತು. ನಮ್ಮ ಸಭೆಯ ಒಬ್ಬ ಸಹೋದರ ಬರೆದಿದ್ದು. ತನ್ನ ಪಕ್ಕದ ಮನೆಯವರು ಗುರುವಾರ ಸಂಜೆ ಆ ತಿರುವಿನಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ, ಮುಕ್ಕಾಲು ಗಂಟೆ ಮಳೆಯಲ್ಲಿ ಬಿದ್ದಿದ್ದರು, ಅವರಿಗಾಗಿ ಸಭೆ ಪ್ರಾರ್ಥಿಸಬೇಕು ಅಂತ. ಆ ಚೀಟಿಯನ್ನ ನಾನೇ ಮೈಕಿನಲ್ಲಿ ಓದಿದೆ. ನಾನೇ ಪ್ರಾರ್ಥನೆ ನಡೆಸಿದೆ. ನೀವೆಲ್ಲ ಆಮೆನ್ ಅಂದ್ರಿ. ನನ್ನ ಬಾಯಿಂದ ಮಾತು ಬರ್ತಾ ಇತ್ತು, ಒಳಗೆ ಏನೂ ಇರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಬಹಳ ಹಿಂದೆ ಓದಿದ್ದ ಒಂದು ಜೀವನಚರಿತ್ರೆ ನೆನಪಿಗೆ ಬಂತು. ಗಾಯಗೊಂಡವರನ್ನ ಎತ್ತಿಕೊಂಡು ಬರೋದಕ್ಕೆ ಯುದ್ಧದ ಮಧ್ಯಕ್ಕೇ ಕುದುರೆ ಗಾಡಿ ಕಳಿಸಿದ ಒಬ್ಬ ವೈದ್ಯರ ಕಥೆ. ಇವತ್ತು ನಾವು ಆಂಬುಲೆನ್ಸ್ ಅಂತ ಏನು ಕರೀತೀವೋ ಅದಕ್ಕೆ ಮೊದಲು ರೂಪ ಕೊಟ್ಟವರಲ್ಲಿ ಅವರೇ ಪ್ರಮುಖರು. ಅವರ ಹೆಸರು ಡೊಮಿನಿಕ್ ಜಾನ್ ಲಾರೆ. ಫ್ರಾನ್ಸ್ ದೇಶದವರು.

1766ನೇ ಇಸವಿ ಜುಲೈ 8ರಂದು, ಫ್ರಾನ್ಸಿನ ದಕ್ಷಿಣಕ್ಕೆ ಪಿರೆನೀಸ್ ಬೆಟ್ಟಗಳ ಬುಡದಲ್ಲಿ ಬೊದೆಯಾನ್ ಅನ್ನೋ ಒಂದು ಸಣ್ಣ ಹಳ್ಳಿಯಲ್ಲಿ ಈ ಮಗು ಹುಟ್ಟಿತು. ಬಡ ಮನೆ. ತಂದೆಯನ್ನ ಚಿಕ್ಕ ವಯಸ್ಸಿನಲ್ಲೇ ಕಳ್ಕೊಂಡ. ಟೂಲೂಸ್ ಪಟ್ಟಣದಲ್ಲಿ ಅವನ ಚಿಕ್ಕಪ್ಪ ಅಲೆಕ್ಸಿ ಶಸ್ತ್ರವೈದ್ಯ ಆಗಿದ್ದರು. 13 ವರ್ಷದ ಹುಡುಗ ಅವರ ಹತ್ತಿರ ಹೋಗಿ ಸೇರ್ಕೊಂಡ. ವರ್ಷಗಟ್ಟಲೆ ಅಲ್ಲಿ ಕೆಲಸ ಕಲಿತ. ಆಮೇಲೆ ಪ್ಯಾರಿಸ್‌ಗೆ ಹೋಗಿ, ಆ ಕಾಲದ ದೊಡ್ಡ ಶಸ್ತ್ರವೈದ್ಯ ದೆಸೋ ಅವರ ಕೈಕೆಳಗೆ ಕಲಿತ. ಸ್ವಲ್ಪ ಕಾಲ ನೌಕಾಪಡೆಯ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡ್ ತನಕ ಹೋಗಿ ಬಂದ.

1792ರಲ್ಲಿ ಫ್ರಾನ್ಸಿಗೂ ಅಕ್ಕಪಕ್ಕದ ರಾಜ್ಯಗಳಿಗೂ ಯುದ್ಧ ಶುರುವಾಯಿತು. ಆ ವರ್ಷ ಲಾರೆಯವರಿಗೆ 26 ತುಂಬಿತು. ರೈನ್ ನದಿಯ ಕಡೆಗಿನ ಸೈನ್ಯಕ್ಕೆ ಶಸ್ತ್ರವೈದ್ಯರಾಗಿ ಸೇರಿದರು. ಅಲ್ಲಿ ಅವರು ಕಂಡಿದ್ದೇನು?

ಪ್ರಿಯರೇ, ಇದನ್ನ ಚೆನ್ನಾಗಿ ಕೇಳಿಸ್ಕೊಳ್ಳಿ. ಆಗಲೂ ಸೈನ್ಯದ ಜೊತೆ ವೈದ್ಯರು ಇದ್ದರು. ಔಷಧಿ ಇತ್ತು, ಬಟ್ಟೆ ಪಟ್ಟಿ ಇತ್ತು, ಗಾಡಿಗಳೂ ಇದ್ದವು. ಆದರೆ ಒಂದು ನಿಯಮ ಇತ್ತು. ವೈದ್ಯರ ಗಾಡಿಗಳು ಸೈನ್ಯದಿಂದ ಒಂದು ಲೀಗ್, ಅಂದ್ರೆ ಸುಮಾರು ನಾಲ್ಕು ಕಿಲೋಮೀಟರ್, ಹಿಂದೆ ನಿಲ್ಲಬೇಕು. ಯುದ್ಧ ಪೂರ್ತಿ ಮುಗಿದ ಮೇಲೆ ಹೋಗಿ ಬಿದ್ದವರನ್ನ ಎತ್ತಬೇಕು. ಗಾಡಿಗಳು ಭಾರ, ದಾರಿ ಕೆಸರು, ಮುಂದೆ ಸೈನ್ಯದ ಜನಜಂಗುಳಿ. ಆ ಗಾಡಿಗಳು ಮುಟ್ಟೋ ಹೊತ್ತಿಗೆ 24 ಗಂಟೆ, ಎಷ್ಟೋ ಸಲ 36 ಗಂಟೆ ಆಗ್ತಿತ್ತು. ಅಷ್ಟು ಹೊತ್ತಿಗೆ ಬದುಕೋ ಹಾಗಿದ್ದವನೂ ಸತ್ತಿರ್ತಿದ್ದ. ಗುಂಡಿನ ಗಾಯದಿಂದಲ್ಲ, ಕಾದು ಕಾದು.

ಆ ನಿಯಮ ಮಾಡಿದವರು ಕೆಟ್ಟವರಲ್ಲ. ವೈದ್ಯರ ಜೀವ ಉಳೀಬೇಕು, ಕುದುರೆಗಳು ಉಳೀಬೇಕು ಅಂತ ಯೋಚನೆ ಮಾಡಿ ಮಾಡಿದ್ದೇ. ಅದರಲ್ಲಿ ಬುದ್ಧಿವಂತಿಕೆ ಇತ್ತು. ಆದರೆ ಬಿದ್ದವನ ಕಡೆಯಿಂದ ನೋಡಿದ್ರೆ, ನಾಲ್ಕು ಕಿಲೋಮೀಟರ್ ದೂರದಲ್ಲಿರೋ ವೈದ್ಯನೂ ಒಂದೇ, ಇಲ್ಲದೇ ಇರೋ ವೈದ್ಯನೂ ಒಂದೇ.

ಆ ಸೈನ್ಯದಲ್ಲಿ ಒಂದು ಹೊಸ ಫಿರಂಗಿ ದಳ ಇತ್ತು. ಹಗುರವಾದ ಫಿರಂಗಿಗಳನ್ನ ಕುದುರೆಗಳು ಎಳ್ಕೊಂಡು ಓಡ್ತಿದ್ದವು. ಒಂದು ಕಡೆ ಹೊಡೆದು, ಕಣ್ಣು ಮುಚ್ಚಿ ತೆಗೆಯೋದರಲ್ಲಿ ಇನ್ನೊಂದು ಕಡೆ ಹೋಗಿ ನಿಲ್ತಿದ್ದವು. ಅದಕ್ಕೆ ಹಾರುವ ಫಿರಂಗಿ ಅಂತ ಹೆಸರು. ಲಾರೆಯವರು ಅದನ್ನ ನೋಡ್ತಾ ನೋಡ್ತಾ ಯೋಚನೆ ಮಾಡಿದ್ರು. ಕೊಲ್ಲೋ ಫಿರಂಗಿ ಇಷ್ಟು ಬೇಗ ಹೋಗಬಹುದಾದ್ರೆ, ಬದುಕಿಸೋ ಗಾಡಿ ಯಾಕೆ ಹೋಗಬಾರದು? ಮೊದಲು ಕುದುರೆಗಳ ಬೆನ್ನಿನ ಮೇಲೆ ಬುಟ್ಟಿ ಕಟ್ಟೋ ಆಲೋಚನೆ ಬಂತು. ಅದು ಸಾಲದು ಅಂತ ಗೊತ್ತಾಯಿತು. ಆಮೇಲೆ ಗಾಡಿ ಮಾಡಿಸಿದ್ರು. ಅದಕ್ಕೆ ಹಾರುವ ಆಂಬುಲೆನ್ಸ್ ಅನ್ನೋ ಹೆಸರು ಬಂತು.

ಆ ಗಾಡಿ ಹೇಗಿತ್ತು ಗೊತ್ತಾ? ನಮ್ಮಲ್ಲಿ ಹಳಬರು ಜಟಕಾ ನೋಡಿರ್ತೀರಿ. ಸುಮಾರು ಹಾಗೇ, ಮುಚ್ಚಿದ ಸಣ್ಣ ಗಾಡಿ. ಎರಡು ಚಕ್ರ, ಎರಡು ಕುದುರೆ, ಒಳಗೆ ಇಬ್ಬರು ಮಲಗಬಹುದು. ದೊಡ್ಡದಾದ್ರೆ ನಾಲ್ಕು ಚಕ್ರ, ನಾಲ್ಕು ಕುದುರೆ, ನಾಲ್ಕು ಜನ. ಕೆಳಗೆ ಸ್ಪ್ರಿಂಗ್ ಇತ್ತು, ಗುಂಡಿಗೆ ಇಳಿದ್ರೆ ಗಾಯಕ್ಕೆ ಪೆಟ್ಟಾಗಬಾರದು ಅಂತ. ಪಕ್ಕದಲ್ಲಿ ಗಾಳಿಗೆ ಸಣ್ಣ ಕಿಟಕಿ. ಒಳಗೆ ಹಾಸಿಗೆ. ಆ ಹಾಸಿಗೆಯ ಹಲಗೆಗೆ ಸಣ್ಣ ಉರುಳೆಗಳು, ನೋವಿನಲ್ಲಿರೋನನ್ನ ಎಳೆದಾಡದೆ ಹೊರಗೆ ಜಾರಿಸಿ, ಮಲಗಿಸಿ, ಮತ್ತೆ ಒಳಗೆ ಜಾರಿಸೋದಕ್ಕೆ. ಗಾಡಿ ಹೊಡೆಯೋನು ಕುದುರೆಯ ಮೇಲೇ ಕೂತಿರ್ತಿದ್ದ.

1797ರಲ್ಲಿ ಇಟಲಿಯ ಸೈನ್ಯದಲ್ಲಿ ಇದನ್ನ ಪೂರ್ತಿ ಕ್ರಮವಾಗಿ ಕಟ್ಟಿದರು. ಸುಮಾರು 340 ಜನ, ಮೂರು ವಿಭಾಗ. ಒಂದೊಂದು ವಿಭಾಗಕ್ಕೆ 12 ಸಣ್ಣ ಗಾಡಿ, 4 ದೊಡ್ಡ ಗಾಡಿ. ಕಹಳೆ ಊದೋನ ಹತ್ತಿರ ಶಸ್ತ್ರವೈದ್ಯರ ಸಲಕರಣೆ ಇರ್ತಿತ್ತು. ಡೋಲು ಬಾರಿಸೋ ಹುಡುಗನ ಹತ್ತಿರ ಗಾಯಕ್ಕೆ ಸುತ್ತೋ ಪಟ್ಟಿ ಇರ್ತಿತ್ತು. ಬೇರೆ ದಳಗಳಲ್ಲಿ ಕಹಳೆ ಊದಿದ್ರೆ ಕೊಲ್ಲೋದಕ್ಕೆ ಹೊರಡ್ತಿದ್ದರು. ಈ ದಳದಲ್ಲಿ ಎತ್ತಿಕೊಂಡು ಬರೋದಕ್ಕೆ ಹೊರಡ್ತಿದ್ದರು. ದೇವರಿಗೆ ಸ್ತೋತ್ರ.

ಆ ಗಾಡಿ ಹೊಡೆದವರನ್ನ ಸ್ವಲ್ಪ ನೆನೆಸ್ಕೊಳ್ಳಿ. ಕುದುರೆ ಫಿರಂಗಿ ಶಬ್ದಕ್ಕೆ ಬೆದರುತ್ತೆ. ಮುಂದೆ ಹೊಗೆ, ದಾರಿ ಕಾಣಲ್ಲ. ಒಂದು ಕೈಯಲ್ಲಿ ಲಗಾಮು. ಎಲ್ಲರೂ ಯಾವ ಕಡೆಯಿಂದ ಓಡಿ ಬರ್ತಿದ್ದಾರೋ ಆ ಕಡೆಗೇ ಇವರು ಗಾಡಿ ಹೊಡೀಬೇಕು. ಲಾರೆಯವರು ಹಿಂದೆ ಕೂತು ಅವರನ್ನ ಕಳಿಸಲಿಲ್ಲ. ತಾವೂ ಮುಂದೆ ಹೋದರು. ಗುಂಡು ಬೀಳೋ ಜಾಗದಲ್ಲೇ ಮಂಡಿಯೂರಿ ಕೆಲಸ ಮಾಡಿದರು.

ಬೇಗ ಹೋಗೋದು ಅಷ್ಟು ಮುಖ್ಯ ಯಾಕೆ? ಆಗ ಅರಿವಳಿಕೆ ಇರಲಿಲ್ಲ. ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡೋದು ಲೋಕಕ್ಕೆ ಗೊತ್ತಾಗಿದ್ದು 1846ರಲ್ಲಿ. ರೋಗಾಣುಗಳ ವಿಷಯವೂ ಗೊತ್ತಿರಲಿಲ್ಲ. ಛಿದ್ರವಾದ ಕೈಕಾಲನ್ನ ಹಾಗೇ ಬಿಟ್ಟರೆ ಕೊಳೆತು ಇಡೀ ಮೈಗೆ ಏರ್ತಿತ್ತು. ಮೊದಲ 24 ಗಂಟೆಯ ಒಳಗೆ, ಎಷ್ಟು ಬೇಗ ಆದ್ರೆ ಅಷ್ಟು ಬೇಗ, ಕತ್ತರಿಸಿದ್ರೆ ಮನುಷ್ಯ ಬದುಕೋ ಸಾಧ್ಯತೆ ಹೆಚ್ಚು ಅಂತ ಲಾರೆಯವರು ಕಂಡುಕೊಂಡರು. ಹಾಗಾಗಿ ಅವರಿಗೆ ದೂರ ಅನ್ನೋದೇ ಶತ್ರು.

1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದರು. ಮರಳಿನಲ್ಲಿ ಗಾಡಿ ಚಕ್ರ ಓಡಲ್ಲ. ಬೇರೆಯವರಾಗಿದ್ರೆ ಇಲ್ಲಿ ನಮ್ಮ ಕೆಲಸ ನಡೆಯಲ್ಲ ಅಂತ ಸುಮ್ಮನಾಗ್ತಿದ್ದರು. ಇವರು ಒಂಟೆ ತಂದರು. ಒಂಟೆಯ ಎರಡೂ ಪಕ್ಕಕ್ಕೆ ಒಂದೊಂದು ಪೆಟ್ಟಿಗೆ ಕಟ್ಟಿಸಿ, ಒಂದೊಂದರಲ್ಲಿ ಒಬ್ಬೊಬ್ಬ ಗಾಯಾಳುವನ್ನ ಮಲಗಿಸಿಕೊಂಡು ಬಂದರು. ಮನಸ್ಸಿದ್ರೆ ಕುದುರೆ ಇಲ್ಲದಿದ್ರೂ ಒಂಟೆ ಸಿಗುತ್ತೆ. ಮನಸ್ಸಿಲ್ಲದಿದ್ರೆ ಬಾಗಿಲಲ್ಲಿ ಕಾರು ನಿಂತಿದ್ರೂ ಪೆಟ್ರೋಲ್ ಇಲ್ಲ ಅಂತೀವಿ. ಹೌದೋ ಅಲ್ವೋ?

ಇನ್ನೊಂದು ವಿಷಯ. ಯಾರನ್ನ ಮೊದಲು ನೋಡಬೇಕು? ಆ ಕಾಲದಲ್ಲಿ ಅಧಿಕಾರಿಗೆ ಮೊದಲು, ಸಾಮಾನ್ಯ ಸಿಪಾಯಿಗೆ ಆಮೇಲೆ. ಲಾರೆಯವರು ಇದನ್ನ ತಿರುಗಿಸಿಬಿಟ್ಟರು. ಯಾರ ಗಾಯ ಅತಿ ಭಾರವೋ ಅವನು ಮೊದಲು. ಅವನ ಪದವಿ ಕೇಳೋ ಹಾಗಿಲ್ಲ. ಗಾಯ ಸಣ್ಣದಾದ್ರೆ ಸೇನಾಧಿಪತಿಯೂ ಕಾಯಬೇಕು. ಅಷ್ಟೇ ಅಲ್ಲ, ಅವರ ಗಾಡಿಗಳು ಶತ್ರುಗಳ ಗಾಯಾಳುಗಳನ್ನೂ ಎತ್ತಿಕೊಂಡು ಬಂದವು. ರೆಡ್ ಕ್ರಾಸ್ ಹುಟ್ಟಿದ್ದು 1863ರಲ್ಲಿ, ಗಾಯಗೊಂಡ ಸೈನಿಕರ ರಕ್ಷಣೆಗೆ ದೇಶಗಳು ಜಿನೀವಾದಲ್ಲಿ ಒಪ್ಪಂದ ಮಾಡ್ಕೊಂಡಿದ್ದು 1864ರಲ್ಲಿ. ಅದಕ್ಕೂ ಅರ್ಧ ಶತಮಾನ ಮುಂಚೆ, ಯಾರೂ ಕೇಳದೇ ಇದ್ದಾಗ, ಈ ಮನುಷ್ಯ ಇದನ್ನ ಮಾಡಿದರು.

1807ರ ಫೆಬ್ರವರಿ. ಐಲಾವ್ ಅನ್ನೋ ಊರಿನ ಹತ್ತಿರ ರಷ್ಯಾದವರ ಜೊತೆ ಯುದ್ಧ. ಸುತ್ತ ಹಿಮ. ಒಂದು ಕೊಟ್ಟಿಗೆಯಂಥ ಕಟ್ಟಡದಲ್ಲಿ ಗಾಯಾಳುಗಳನ್ನ ಮಲಗಿಸಿದ್ರು. ಚಳಿಗೆ ಸಹಾಯಕರ ಕೈ ಮರಗಟ್ಟಿ ಸಲಕರಣೆಗಳು ಬೆರಳಿಂದ ಜಾರಿ ಬೀಳ್ತಿದ್ದವು. ಲಾರೆಯವರು ಹಗಲೂ ರಾತ್ರಿ ಕೆಲಸ ಮಾಡಿದರು. ಮಧ್ಯದಲ್ಲಿ ರಷ್ಯಾದ ಸೈನ್ಯ ಆ ಕಡೆಗೇ ನುಗ್ಗಿ ಬರ್ತಿದೆ ಅಂತ ಗಲಾಟೆ ಎದ್ದಿತು. ಕಾಲು ಇದ್ದವರು ಎದ್ದು ಓಡೋಕೆ ನೋಡಿದರು. ಕಾಲು ಇಲ್ಲದವರು ಲಾರೆಯವರ ಮುಖ ನೋಡಿದರು. ನಿಮ್ಮನ್ನ ಬಿಟ್ಟು ಹೋಗೋ ಪ್ರಶ್ನೆಯೇ ಇಲ್ಲ ಅಂತ ಅವರು ಎಲ್ಲರಿಗೂ ಕೇಳೋ ಹಾಗೆ ಹೇಳಿ, ಮತ್ತೆ ಕೈಯಲ್ಲಿದ್ದ ಕೆಲಸಕ್ಕೆ ಬಗ್ಗಿದರು. ಅಷ್ಟು ಸಾಕಾಯಿತು. ಗಲಾಟೆ ನಿಂತಿತು. ಆ ವರ್ಷವೇ ಫ್ರಾನ್ಸಿನ ದೊಡ್ಡ ಗೌರವವಾದ ಲೀಜನ್ ಆಫ್ ಆನರ್‌ನಲ್ಲಿ ಅವರಿಗೆ ಕಮಾಂಡರ್ ಪದವಿ ಸಿಕ್ಕಿತು.

1809ರ ಮೇ ತಿಂಗಳು. ವಿಯೆನ್ನಾ ಹತ್ತಿರ ಡ್ಯಾನ್ಯೂಬ್ ನದಿ. ಪ್ರವಾಹಕ್ಕೆ ಸೇತುವೆ ಕಿತ್ತುಹೋಗಿ, ಸಾವಿರಾರು ಗಾಯಾಳುಗಳು ಲೋಬಾವ್ ಅನ್ನೋ ನಡುಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡರು. ಊಟ ಇಲ್ಲ, ಪಾತ್ರೆಯೂ ಇಲ್ಲ. ಲಾರೆಯವರು ಕುದುರೆಗಳನ್ನ ಕೊಯ್ಸಿದರು. ಸವಾರರು ಎದೆಗೆ ಕಟ್ಟೋ ಉಕ್ಕಿನ ಕವಚವನ್ನೇ ಪಾತ್ರೆ ಮಾಡಿ ಸಾರು ಕಾಯಿಸಿದರು. ಉಪ್ಪಿಲ್ಲದ್ದಕ್ಕೆ ಮದ್ದಿನ ಪುಡಿ ಹಾಕಿದರು. ನೋಡಿ, ಎದೆ ಕಾಯೋ ಕವಚ ಹಸಿದವನಿಗೆ ಬಟ್ಟಲಾಯಿತು, ಕೊಲ್ಲೋ ಮದ್ದು ಉಪ್ಪಾಯಿತು. ಅದೇ ವರ್ಷ ವಾಗ್ರಾಮ್ ಯುದ್ಧದ ನಂತರ ನೆಪೋಲಿಯನ್ ಅವರಿಗೆ ಬ್ಯಾರನ್ ಪದವಿ ಕೊಟ್ಟ.

1812ರಲ್ಲಿ ರಷ್ಯಾ. ಬೊರೊದಿನೋ ಯುದ್ಧದಲ್ಲಿ ಒಂದು ದಿನದೊಳಗೆ ಸುಮಾರು 200 ಜನರ ಕೈಕಾಲು ಕತ್ತರಿಸಿ ಜೀವ ಉಳಿಸೋ ಪ್ರಯತ್ನ ಮಾಡಿದರು. ಆಮೇಲೆ ಮಾಸ್ಕೋದಿಂದ ವಾಪಸ್ ಬರೋ ದಾರಿ. ಚಳಿ, ಹಸಿವು. ಬೆರೆಜಿನಾ ನದಿಯ ಸೇತುವೆ ಮೇಲೆ ಜನ ಒಬ್ಬರನ್ನೊಬ್ಬರು ತುಳಿದು ಸಾಯ್ತಿದ್ದರು. ದೊಡ್ಡ ದೊಡ್ಡ ಅಧಿಕಾರಿಗಳಿಗೂ ದಾರಿ ಬಿಡೋರಿಲ್ಲ. ಆ ನೂಕುನುಗ್ಗಲಿನಲ್ಲಿ ಇವರು ಲಾರೆ ಅಂತ ಸಿಪಾಯಿಗಳಿಗೆ ಗುರುತು ಸಿಕ್ಕಿತು. ಅವರನ್ನ ಕೈಯಿಂದ ಕೈಗೆ ಎತ್ತಿ, ಆಚೆ ದಡ ಮುಟ್ಟಿಸಿದರು. ಅಷ್ಟು ವರ್ಷ ಬಿದ್ದವರನ್ನ ಎತ್ತಿದ ಮನುಷ್ಯನನ್ನ ಆ ದಿನ ಅವರೇ ಎತ್ತಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಆ ಯುದ್ಧಗಳನ್ನ ಹೊಗಳ್ತಿಲ್ಲ. ಒಬ್ಬ ಚಕ್ರವರ್ತಿಯ ಆಸೆಗೆ ಲಕ್ಷಾಂತರ ತಾಯಂದಿರ ಮಕ್ಕಳು ಸತ್ತರು. ಲಾರೆಯವರು ಆ ಚಕ್ರವರ್ತಿಯನ್ನ ಪ್ರೀತಿಸಿದರು, ಕೊನೇವರೆಗೂ ಬಿಡಲಿಲ್ಲ. ಅವರು ಸುವಾರ್ತಿಕರೂ ಅಲ್ಲ, ಸೈನ್ಯದ ವೈದ್ಯರು. ಆದರೆ ಸಾಮ್ಯದಲ್ಲಿರೋ ಸಮಾರ್ಯದವನೂ ಯೆರೂಸಲೇಮಿನ ದೇವಾಲಯಕ್ಕೆ ಸೇರಿದವನಲ್ಲ. ಯಾರಿಂದ ಕಲೀಬೇಕು ಅಂತ ಕರ್ತನು ತೋರಿಸ್ತಾನೋ ಅವರಿಂದ ಕಲಿಯೋಣ.

ಆ ಚಕ್ರವರ್ತಿಯ ಮುಂದೆಯೂ ಅವರು ಸುಳ್ಳು ಹೇಳಲಿಲ್ಲ. 1813ರಲ್ಲಿ, ಬೌಟ್ಸೆನ್ ಯುದ್ಧ ಆದಮೇಲೆ, 2,600ಕ್ಕೂ ಹೆಚ್ಚು ಹೊಸ ಸಿಪಾಯಿಗಳ ಕೈಗೆ, ಬೆರಳಿಗೆ ಗಾಯ ಆಗಿತ್ತು. ಯುದ್ಧ ತಪ್ಪಿಸಿಕೊಳ್ಳೋಕೆ ಇವರೇ ಬೇಕಂತ ಗಾಯ ಮಾಡ್ಕೊಂಡಿದ್ದಾರೆ ಅಂತ ಸೇನಾಧಿಪತಿಗಳು ದೂರು ಕೊಟ್ಟರು. ನೆಪೋಲಿಯನ್ ನಂಬಿಬಿಟ್ಟ. ಅಪರಾಧ ಸಾಬೀತಾದ್ರೆ ಗುಂಡಿಕ್ಕಿ ಕೊಲ್ಲೋ ಶಿಕ್ಷೆ. ಎಲ್ಲರೂ ಹಳ್ಳಿ ಹುಡುಗರು, ನೆನ್ನೆ ಮೊನ್ನೆ ಬಂದೂಕು ಹಿಡಿದವರು.

ಲಾರೆಯವರು ಅದಕ್ಕೆ ಒಪ್ಪಲಿಲ್ಲ. ಬೇರೆ ವೈದ್ಯರನ್ನೂ ಜೊತೆಗೆ ಕೂರಿಸಿಕೊಂಡು ಒಬ್ಬೊಬ್ಬನ ಕೈಯನ್ನೂ ಪರೀಕ್ಷೆ ಮಾಡಿದರು. ಸತ್ಯ ಹೊರಗೆ ಬಂತು. ಸೈನಿಕರು ಮೂರು ಸಾಲಾಗಿ ನಿಂತು ಗುಂಡು ಹೊಡೀತಿದ್ದರು. ಹಿಂದಿನ ಸಾಲಿನವರಿಗೆ ಸರಿಯಾದ ಅಭ್ಯಾಸ ಇಲ್ಲದೆ, ಅವರ ಗುಂಡು ಮುಂದಿನವರ ಕೈಗೆ ತಾಗಿತ್ತು. ಒಬ್ಬನ ಮೇಲೂ ತಪ್ಪು ಸಾಬೀತಾಗಲಿಲ್ಲ. ಚಕ್ರವರ್ತಿಗೆ ಬೇಕಾಗಿದ್ದ ಉತ್ತರ ಅದಲ್ಲ ಅಂತ ಗೊತ್ತಿದ್ದೂ ಲಾರೆಯವರು ಅದನ್ನೇ ಬರೆದು ಕೊಟ್ಟರು. ನೆಪೋಲಿಯನ್ ಸಿಟ್ಟಾಗ್ತಾನೆ ಅಂತ ಎಲ್ಲರೂ ಕಾಯ್ತಿದ್ದರು. ಅವನು ಆ ವರದಿ ಒಪ್ಪಿಕೊಂಡು, ವರ್ಷಕ್ಕೆ 3,000 ಫ್ರಾಂಕ್ ಪಿಂಚಣಿಯನ್ನ ಲಾರೆಯವರಿಗೆ ಕೊಟ್ಟ. ಗಾಡಿ ತಗೊಂಡು ಮುಂದೆ ಹೋಗೋದಕ್ಕೆ ಒಂದು ಧೈರ್ಯ ಬೇಕು. ಬಲಿಷ್ಠರ ಎದುರು ನಿರಪರಾಧಿಯ ಪಕ್ಕ ನಿಲ್ಲೋದಕ್ಕೆ ಅದಕ್ಕಿಂತ ದೊಡ್ಡ ಧೈರ್ಯ ಬೇಕು.

ಈಗ 1815ರ ಜೂನ್ 18, ವಾಟರ್ಲೂ. ನೆಪೋಲಿಯನ್ನನ ಕೊನೆಯ ಯುದ್ಧ. ಫ್ರಾನ್ಸಿನ ಸೈನ್ಯ ಸೋತು ಚದುರಿಹೋಯಿತು. ಲಾರೆಯವರಿಗೆ ಕತ್ತಿಯ ಗಾಯ ಆಗಿ ಬಿದ್ದರು. ಪ್ರಷ್ಯಾದ, ಅಂದ್ರೆ ಈಗಿನ ಜರ್ಮನಿ ಕಡೆಯ, ಸವಾರರ ಕೈಗೆ ಸಿಕ್ಕಿಬಿದ್ದರು. ಕೈಯಲ್ಲಿದ್ದದ್ದು, ಮೈಮೇಲಿದ್ದದ್ದು ಕಿತ್ತುಕೊಂಡರು. ಗುಂಡಿಕ್ಕಿ ಕೊಲ್ಲಬೇಕು ಅಂತ ಆಜ್ಞೆ ಆಯಿತು. ಕಣ್ಣಿಗೆ ಬಟ್ಟೆ ಕಟ್ಟೋ ಹೊತ್ತು. ಅಲ್ಲಿದ್ದ ಒಬ್ಬ ಪ್ರಷ್ಯಾದ ವೈದ್ಯ ಅವರ ಮುಖ ನೋಡಿ ಗುರುತು ಹಿಡಿದ. ವರ್ಷಗಳ ಹಿಂದೆ ಬರ್ಲಿನ್ನಿನಲ್ಲಿ ಲಾರೆಯವರು ಮಾಡಿದ ಪಾಠಗಳನ್ನ ಅವನು ಕೂತು ಕೇಳಿದ್ದ.

ಕೊಲ್ಲೋದು ನಿಂತಿತು. ಅವರನ್ನ ಪ್ರಷ್ಯಾದ ಮಹಾಸೇನಾಪತಿ ಬ್ಲ್ಯೂಷರ್ ಹತ್ತಿರ ಕರ್ಕೊಂಡು ಹೋದರು. ಈ ಬ್ಲ್ಯೂಷರ್ ಯಾರು? ಹಿಂದಿನ ಒಂದು ಯುದ್ಧದಲ್ಲಿ ಅವನ ಮಗ ಗಾಯಗೊಂಡು ಫ್ರಾನ್ಸಿನವರ ಕೈಗೆ ಸೆರೆ ಸಿಕ್ಕಿದ್ದ. ಆ ಮಗನಿಗೆ ಚಿಕಿತ್ಸೆ ಮಾಡಿ ಬದುಕಿಸಿದ ಕೈ ಯಾವುದು? ಇದೇ ಕೈ. ಬ್ಲ್ಯೂಷರ್ ಲಾರೆಯವರ ಕಟ್ಟು ಬಿಚ್ಚಿಸಿ, ಬಟ್ಟೆ ಹಣ ಕೊಟ್ಟು, ಕಾವಲು ಕೊಟ್ಟು ಕಳಿಸಿದ. ಹಲ್ಲೆಲೂಯ!

ಆದರೆ ಇದನ್ನ ತಪ್ಪಾಗಿ ತಿಳ್ಕೋಬೇಡಿ. ಇವತ್ತು ಸಹಾಯ ಮಾಡಿದ್ರೆ ನಾಳೆ ನಮಗೆ ಲಾಭ ಬರುತ್ತೆ ಅಂತ ನಾನು ಹೇಳ್ತಿಲ್ಲ. ಆ ಹುಡುಗನ ಗಾಯ ಕಟ್ಟಿದ ದಿನ ಲಾರೆಯವರಿಗೆ ವಾಟರ್ಲೂ ಗೊತ್ತಿರಲಿಲ್ಲ. ಎದುರಿಗೆ ಗಾಯ ಇತ್ತು, ಕಟ್ಟಿದರು. ಬಿತ್ತಿದವನು ಮರೆತಿದ್ದ, ದೇವರು ಮರೆತಿರಲಿಲ್ಲ.

ಆಮೇಲೆ ಹೊಸ ಸರ್ಕಾರ ಬಂತು, ಅವರ ಪಿಂಚಣಿ ಸ್ವಲ್ಪ ಕಾಲ ಹೋಯಿತು, ಮತ್ತೆ ಬಂತು. 1821ರಲ್ಲಿ ನೆಪೋಲಿಯನ್ ದೂರದ ದ್ವೀಪದಲ್ಲಿ ಸೆರೆಯಾಳಾಗಿ ಸತ್ತ. ತನ್ನ ಉಯಿಲಿನಲ್ಲಿ ಲಾರೆಯವರಿಗೆ ಒಂದು ಲಕ್ಷ ಫ್ರಾಂಕ್ ಬರೆದಿಟ್ಟು, ತಾನು ಕಂಡವರಲ್ಲೆಲ್ಲ ಅವರಷ್ಟು ಸದ್ಗುಣಿ ಬೇರೊಬ್ಬನಿಲ್ಲ ಅನ್ನೋ ಅರ್ಥದಲ್ಲಿ ಅದರಲ್ಲೇ ಹೇಳಿದ್ದ. ಲೋಕವನ್ನೇ ಗೆಲ್ಲಬೇಕು ಅಂತ ಹೊರಟವನು ಸಾಯೋ ಕಾಲಕ್ಕೆ ನೆನೆಸಿಕೊಂಡಿದ್ದು ಗಾಯ ಕಟ್ಟಿದವನನ್ನ.

ಲಾರೆಯವರು ಕೊನೇವರೆಗೂ ಕೆಲಸ ಬಿಡಲಿಲ್ಲ. 1842ರಲ್ಲಿ, 75 ದಾಟಿದ ವಯಸ್ಸಿನಲ್ಲಿ, ಸೈನ್ಯದ ಆಸ್ಪತ್ರೆಗಳನ್ನ ನೋಡೋಕೆ ಅಲ್ಜೀರಿಯಾಕ್ಕೆ ಹೋದರು. ವಾಪಸ್ ಬರುವಾಗ ಕಾಯಿಲೆ ಬಿದ್ದು, ಜುಲೈ 25ರಂದು ಲಿಯೋನ್ ಪಟ್ಟಣದಲ್ಲಿ ಪ್ರಾಣ ಬಿಟ್ಟರು. ಮನೆ ಮುಟ್ಟಲಿಲ್ಲ. ಅವರ ಹೆಂಡತಿ ಅದಕ್ಕೆ ಕೆಲವೇ ದಿನ ಮೊದಲು ತೀರಿಹೋಗಿದ್ದರು. ಗಂಡನ ಜೀವನವೆಲ್ಲ ಯುದ್ಧಭೂಮಿಯಲ್ಲೇ ಕಳೆಯಿತು, ಆ ತಾಯಿ ವರ್ಷಗಟ್ಟಲೆ ಕಾದರು. ಸೇವೆಯ ಬೆಲೆಯಲ್ಲಿ ಒಂದು ಪಾಲು ಮನೆಯವರೂ ಕೊಡ್ತಾರೆ. ಸೇವಕರ ಮನೆಯವರು ಇಲ್ಲಿದ್ದೀರಿ, ನಿಮಗೆ ಗೊತ್ತು. ಪ್ಯಾರಿಸ್‌ನ ಒಂದು ಸ್ಮಶಾನದಲ್ಲಿ ಅವರನ್ನ ಹೂಣಿಟ್ಟರು. 150 ವರ್ಷ ಆದಮೇಲೆ, 1992ರಲ್ಲಿ, ಹಳೇ ಸೈನಿಕರ ಆಶ್ರಯವಾದ ಇನ್ವಾಲಿಡ್ಸ್‌ಗೆ ಅವರ ಅಸ್ಥಿ ತಂದಿಟ್ಟರು. ನೆಪೋಲಿಯನ್ನನ ಸಮಾಧಿ ಇರೋದೂ ಅಲ್ಲೇ.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಗಾಡಿ ಎಲ್ಲಿ ನಿಂತಿದೆ?

ಸಾವಾದ ಮನೆಗೆ ಹೋಗೋದರಲ್ಲಿ ನಮ್ಮಷ್ಟು ಬೇಗ ಯಾರೂ ಇಲ್ಲ. ಕುರ್ಚಿ ಹಾಕ್ತೀವಿ, ಹಾಡ್ತೀವಿ, ಅಡುಗೆ ಮಾಡಿ ಕಳಿಸ್ತೀವಿ. ಒಳ್ಳೇದೇ. ಆದರೆ ಅದು ಯುದ್ಧ ಮುಗಿದ ಮೇಲೆ ಹೋದ ಗಾಡಿ. ಸಾಲದವರು ಬಾಗಿಲು ಬಡೀತಿದ್ದಾಗ ಆ ಮನೆಗೆ ಹೋಗಿದ್ವಾ? ಗಂಡ ಹೊಡೀತಾನೆ ಅಂತ ಆ ತಂಗಿ ಕಣ್ಣಲ್ಲೇ ಹೇಳ್ತಿದ್ದಾಗ ನಿಂತು ಕೇಳಿದ್ವಾ? ಓದಿನಲ್ಲಿ ಸೋತ ಆ ಹುಡುಗ ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತಿದ್ದಾಗ ಪಕ್ಕದಲ್ಲಿ ಕೂತ್ವಾ? ಪ್ರಾರ್ಥನೆ ಮಾಡ್ತಿದ್ವಿ ಪಾಸ್ಟರ್, ಅಂತೀರಿ. ನಾನೂ ಮಾಡ್ತಿದ್ದೆ. ಚೀಟಿ ಓದಿ ಮಾಡಿದೆ. ನಾಲ್ಕು ಕಿಲೋಮೀಟರ್ ದೂರದಿಂದ ಮಾಡಿದೆ.

ಪ್ರಿಯರೇ, ನಮ್ಮ ಕರ್ತನು ಹಾಗೆ ದೂರದಲ್ಲಿ ನಿಂತಿದ್ದರೆ ನಮ್ಮ ಗತಿ ಏನು? ನಾವು ಸರಿಹೋದ ಮೇಲೆ, ಸ್ವಚ್ಛ ಆದಮೇಲೆ ಬರ್ತೀನಿ ಅಂದಿದ್ದರೆ ಇಲ್ಲಿ ಒಬ್ಬರಾದ್ರೂ ಕೂತಿರ್ತಿದ್ವಾ? ನಾವು ಇನ್ನೂ ಪಾಪದಲ್ಲಿ ಬಿದ್ದಿರುವಾಗಲೇ ಆತನು ಇಳಿದು ಬಂದನು. ಗಾಯ ಆತನಿಗೂ ಆಯಿತು. ಆದರೂ ನಮ್ಮನ್ನ ಎತ್ತಿದನು. ಆಮೆನ್?

ಮೊನ್ನೆ ಬುಧವಾರ ನಾನು ಆಸ್ಪತ್ರೆಗೆ ಹೋದೆ. ಆ ಮನುಷ್ಯನ ಮಂಚದ ಪಕ್ಕ ಕೂತು, ಆ ಸಂಜೆ ನಿಮ್ಮನ್ನ ನೋಡಿಯೂ ಗಾಡಿ ನಿಲ್ಲಿಸದೆ ಹೋದವರಲ್ಲಿ ನಾನೂ ಒಬ್ಬ ಅಂತ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಕಾಲ ಕೆಳಗಿನ ದಿಂಬು ಸರಿದಿದೆ, ಸ್ವಲ್ಪ ಸರಿಮಾಡ್ತೀರಾ ಅಂತ ಕೇಳಿದರು. ಮಾಡಿದೆ. ಹೊರಡುವಾಗ, ಈ ವಿಷಯವನ್ನ ಸಭೆಯಲ್ಲಿ ಹೇಳಲಾ ಅಂತ ಕೇಳಿದೆ. ಹೇಳಿ, ಇನ್ನೊಬ್ಬರಿಗಾದರೂ ಆಗಲಿ ಅಂದರು. ಕಾಲು ಉಳಿದಿದೆ. ಮೊದಲಿನ ಹಾಗೆ ನಡೆಯೋಕೆ ಬಹಳ ತಿಂಗಳು ಬೇಕು.

ಪೊಲೀಸ್ ಭಯ ಅಂದೆನಲ್ಲ, ಅದಕ್ಕೂ ಒಂದು ಮಾತು. ಅಪಘಾತದಲ್ಲಿ ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅನ್ನೋ ನಿಯಮಗಳನ್ನ ಸುಪ್ರೀಂ ಕೋರ್ಟ್ 2016ರಲ್ಲೇ ಎತ್ತಿಹಿಡಿದಿದೆ. ಆ ನೆಪವೂ ನಮಗೆ ಉಳಿದಿಲ್ಲ. ನಮ್ಮ ಸಭೆಯಲ್ಲಿ ನರ್ಸ್ ಆಗಿರೋ ಸಹೋದರಿಯರು ಮುಂದಿನ ಶನಿವಾರ ಸಂಜೆ ಪ್ರಥಮ ಚಿಕಿತ್ಸೆ ಹೇಳಿಕೊಡ್ತಾರೆ. ರಕ್ತ ಹೇಗೆ ನಿಲ್ಲಿಸೋದು, ಬಿದ್ದವನನ್ನ ಹೇಗೆ ಹಿಡಿಯೋದು, ಹೇಗೆ ಹಿಡೀಬಾರದು. ಪಟ್ಟಿಯಲ್ಲಿ ಮೊದಲನೇ ಹೆಸರು ನನ್ನದು ಬರೆದಿದ್ದೀನಿ. ಎರಡನೇದು ಯಾರದು?

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿಕೊಳ್ಳಿ. ನೀವು ನೋಡಿಯೂ ನಿಲ್ಲದೆ ಬಂದ ಒಂದು ಮುಖ ಈಗ ನಿಮ್ಮ ಕಣ್ಣ ಮುಂದೆ ಬರ್ತಿರಬಹುದು. ನಿಮ್ಮ ಮನೆಯೊಳಗೇ ಇರಬಹುದು. ಪ್ರಾರ್ಥನೆ ಆದಮೇಲೆ ಸೀದಾ ಅವರ ಹತ್ತಿರ ಹೋಗಿ.

ಕರ್ತನೇ, ನಿನಗೆ ಸ್ತೋತ್ರ. ದೂರದಲ್ಲಿ ನಿಲ್ಲದೆ ನಮ್ಮ ಹತ್ತಿರ ಬಂದ ತಂದೆಯೇ, ನಿನಗೆ ಸ್ತೋತ್ರ. ನಾನು ನಿಲ್ಲದೆ ಹೋದೆ, ನನ್ನನ್ನ ಕ್ಷಮಿಸು. ಆ ಸಹೋದರನ ಕಾಲನ್ನ ಮುಟ್ಟು, ಬಲಪಡಿಸು. ನಿನ್ನ ಪವಿತ್ರಾತ್ಮನ ಬಲ ನಮ್ಮ ಬಾಯಿಗೆ ಮಾತ್ರ ಅಲ್ಲ, ನಮ್ಮ ಕಾಲಿಗೂ ಬರಲಿ. ಮುಂದಿನ ಸಲ ದಾರಿಯಲ್ಲಿ ಯಾರಾದ್ರೂ ಬಿದ್ದಿದ್ದರೆ, ನಮ್ಮ ಗಾಡಿ ನಿಲ್ಲೋ ಹಾಗೆ ಮಾಡು. ಯೇಸುವಿನ ನಾಮದಲ್ಲಿ ಬೇಡ್ತೀವಿ ತಂದೆಯೇ. ಆಮೆನ್.